ಫ್ಯಾಕ್ಟರಿ ಲೈನಿಗೆ ಯಾವ ಜಾಯಿಂಟ್, ಯಾವ ಫಿಟ್ಟಿಂಗ್? ಅಂಗಡಿಗೆ ಹೋಗುವ ಮುಂಚೆ ಓದಿ

ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. "ಎರಡು ಇಂಚಿನ ಏರ್ ಲೈನಿಗೆ ಥ್ರೆಡ್ ಸಾಕಾ, ವೆಲ್ಡಿಂಗ್ ಮಾಡಿಸಲೇಬೇಕಾ?" "ಸ್ಟೀಮ್ ಲೈನಿಗೆ ಜಿಐ ಎಲ್ಬೋ ಹಾಕಬಹುದಾ?" "ಫ್ಲೇಂಜ್ ತಂದಾಯ್ತು, ವಾಲ್ವ್‌ಗೆ ತೂತೇ ಕೂರ್ತಿಲ್ಲ, ಈಗೇನು ಮಾಡೋದು?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು, ಒಂದು ಲೈನ್ ಹಾಕುವಾಗ ನಾನು ಯಾವ ಕ್ರಮದಲ್ಲಿ ಯೋಚನೆ ಮಾಡುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಈ ಪ್ರಶ್ನೆಗಳನ್ನು ಓದಿದರೆ ಒಂದು ವಿಷಯ ಗೊತ್ತಾಗುತ್ತದೆ. ಬಹಳಷ್ಟು ಜನ ಫಿಟ್ಟಿಂಗ್‌ನಿಂದ, ಅಂದರೆ ಎಲ್ಬೋ, ಟೀ ಇಂಥ ಜೋಡಿಸುವ ತುಣುಕುಗಳಿಂದ, ಶುರು ಮಾಡುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡಿಗೋ ಎಸ್‌ಜೆಪಿ ರೋಡಿಗೋ ಹೋಗಿ "ಎರಡು ಇಂಚು ಎಲ್ಬೋ ಹತ್ತು ಕೊಡಿ" ಅಂತ ಕೇಳಿ, ತಂದ ಮೇಲೆ ಅದನ್ನು ಹೇಗೆ ಕೂಡಿಸುವುದು ಅಂತ ಯೋಚಿಸುತ್ತಾರೆ. ಇದು ಉಲ್ಟಾ. ಪೈಪಿನ ಒಳಗೆ ಏನು ಹರಿಯುತ್ತದೆ ಅನ್ನೋದು ಮೊದಲು. ಅದನ್ನು ನೋಡಿ ಜಾಯಿಂಟ್, ಜಾಯಿಂಟ್ ನೋಡಿ ಫಿಟ್ಟಿಂಗ್. ಈ ಕ್ರಮ ತಪ್ಪಿದರೆ ಎಷ್ಟು ಒಳ್ಳೆ ಮಾಲು ತಂದರೂ ಲೀಕ್ ತಪ್ಪುವುದಿಲ್ಲ.

ಪೀಣ್ಯ, ಬೊಮ್ಮಸಂದ್ರ, ಬೈಕಂಪಾಡಿ, ಹುಬ್ಬಳ್ಳಿಯ ಗೋಕುಲ ರೋಡ್ ಇಂಥ ಕಡೆ ಸಣ್ಣ, ಮಧ್ಯಮ ಕಾರ್ಖಾನೆ ನಡೆಸುವವರು ಮತ್ತು ಅಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುವವರು ನನ್ನ ಮನಸ್ಸಿನಲ್ಲಿದ್ದಾರೆ. ಗಾಳಿ, ನೀರು, ಸ್ಟೀಮ್, ಹೈಡ್ರಾಲಿಕ್ ಎಣ್ಣೆ ಇವಿಷ್ಟರ ಮಾತು. ಆಸಿಡ್, ಕ್ಲೋರಿನ್, ಅಮೋನಿಯಾ, ಆಕ್ಸಿಜನ್, ಎಲ್‌ಪಿಜಿ ಲೈನ್ ಆದರೆ ಲೇಖನ ಓದಿ ಕೆಲಸ ಶುರು ಮಾಡಬೇಡಿ, ಪೈಪಿಂಗ್ ಇಂಜಿನಿಯರ್ ಹತ್ತಿರ ಡ್ರಾಯಿಂಗ್ ಮಾಡಿಸಿ.

1. ಒಂದು ಹಾಳೆಯಲ್ಲಿ ಐದು ವಿಷಯ ಬರೆದುಕೊಳ್ಳಿ

ಏನು ಹರಿಯುತ್ತದೆ? ಅತಿ ಹೆಚ್ಚು ಎಷ್ಟು ಪ್ರೆಷರ್? ಅತಿ ಹೆಚ್ಚು ಎಷ್ಟು ಬಿಸಿ? ಆ ಜಾಯಿಂಟನ್ನು ಎಷ್ಟು ಸಲ ಬಿಚ್ಚಬೇಕಾಗುತ್ತದೆ? ಲೈನ್ ಅಲುಗಾಡುತ್ತದಾ?

ಪ್ರೆಷರ್ ಅಂದಾಗ ದಿನಾ ಗೇಜಿನಲ್ಲಿ ಕಾಣುವ ಅಂಕಿ ಬರೆಯಬೇಡಿ. ಪಂಪ್ ಓಡುವಾಗ ಮುಂದಿನ ವಾಲ್ವ್ ಪೂರ್ತಿ ಮುಚ್ಚಿದರೆ ಎಷ್ಟಕ್ಕೆ ಏರುತ್ತದೆ, ಸೇಫ್ಟಿ ವಾಲ್ವ್ ಎಷ್ಟಕ್ಕೆ ಸೆಟ್ ಆಗಿದೆ, ಅದನ್ನು ಬರೆಯಿರಿ. ದಿನಾ 4 ಬಾರ್ ತೋರಿಸುವ ಪಂಪು ಬಾಯಿ ಮುಚ್ಚಿದಾಗ 6 ಬಾರ್ ಏರಬಹುದು, ಜಾಯಿಂಟ್ ತಡೆಯಬೇಕಾದ್ದು ಆ 6ನ್ನು.

ಸ್ಟೀಮ್ ಆದರೆ ಪ್ರೆಷರ್ ಗೊತ್ತಾದರೆ ಬಿಸಿಯೂ ಗೊತ್ತಾದ ಹಾಗೆ. ಗೇಜಿನಲ್ಲಿ 7 ಬಾರ್ ಇದ್ದರೆ ಸ್ಯಾಚುರೇಟೆಡ್ ಸ್ಟೀಮ್, ಅಂದರೆ ಬಾಯ್ಲರಿನಿಂದ ನೇರ ಬರುವ, ಮತ್ತೆ ಕಾಯಿಸದ ಹಬೆ, ಸುಮಾರು 170 ಡಿಗ್ರಿ ಇರುತ್ತದೆ. 10 ಬಾರ್ ಇದ್ದರೆ 184 ಡಿಗ್ರಿ.

ನಾಲ್ಕನೇ ಪ್ರಶ್ನೆಯನ್ನು, ಎಷ್ಟು ಸಲ ಬಿಚ್ಚಬೇಕು ಅನ್ನೋದನ್ನು, ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ಜಾಯಿಂಟ್ ಯಾವುದು ಅನ್ನೋದನ್ನು ಅರ್ಧ ತೀರ್ಮಾನಿಸುವುದೇ ಅದು. ಸ್ಟ್ರೈನರ್ (ಕಸ ಸೋಸುವ ಜಾಲರಿ) ಪಕ್ಕ, ಪಂಪ್ ಪಕ್ಕ, ಕಂಟ್ರೋಲ್ ವಾಲ್ವ್ ಪಕ್ಕ ಬಿಚ್ಚಲೇಬೇಕು. ಮಧ್ಯದ ನೇರ ಓಟದಲ್ಲಿ ಬಿಚ್ಚುವ ಅಗತ್ಯ ಇಲ್ಲ, ಅಲ್ವಾ? ಹಾಗಾದರೆ ಅಲ್ಲಿ ಬಿಚ್ಚುವ ಜಾಯಿಂಟ್ ಯಾಕೆ ಬೇಕು?

2. ನಿಮ್ಮ ಪೈಪ್ ಯಾವುದು ಅಂತ ಸರಿಯಾಗಿ ತಿಳಿದುಕೊಳ್ಳಿ

"ಒಂದು ಇಂಚಿನ ಪೈಪ್" ಅನ್ನುತ್ತೇವೆ. ಆದರೆ ಟೇಪ್ ಹಿಡಿದು ಅಳೆದರೆ ಒಂದು ಇಂಚು ಅಂದರೆ 25.4 ಮಿ.ಮೀ. ಎಲ್ಲೂ ಸಿಗುವುದಿಲ್ಲ. ಅದು ಬರೀ ಹೆಸರು. ಅದನ್ನು ಎನ್‌ಬಿ, ಅಂದರೆ ನಾಮಿನಲ್ ಬೋರ್ ಅನ್ನುತ್ತಾರೆ. ಒಂದು ಇಂಚು ಉಕ್ಕಿನ ಪೈಪಿನ ಹೊರ ಅಳತೆ ಸುಮಾರು 33.4 ಮಿ.ಮೀ., ಅರ್ಧ ಇಂಚಿನದು 21.3, ಎರಡು ಇಂಚಿನದು 60.3, ನಾಲ್ಕು ಇಂಚಿನದು 114.3. ಹೊರ ಅಳತೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಗೋಡೆ ದಪ್ಪ ಆದಂತೆಲ್ಲ ಒಳಗಿನ ತೂತು ಸಣ್ಣದಾಗುತ್ತದೆ.

ಪಿವಿಸಿ ಪೈಪಿನ ಲೆಕ್ಕ ಬೇರೆ. ಅಲ್ಲಿ 63 ಮಿ.ಮೀ. ಅಂದರೆ ಹೊರ ಅಳತೆಯೇ 63. ಎರಡು ಇಂಚು ಉಕ್ಕಿನ ಪೈಪಿಗೂ ಅದಕ್ಕೂ ನೇರವಾಗಿ ಸಾಕೆಟ್ ಕೂರುವುದಿಲ್ಲ, ಮಧ್ಯೆ ಅಡಾಪ್ಟರ್ ಬೇಕು.

ಇನ್ನು ಗೋಡೆಯ ದಪ್ಪ. ನಮ್ಮಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಜಿಐ (ಸತು ಲೇಪಿಸಿದ), ಎಂಎಸ್ (ಲೇಪನ ಇಲ್ಲದ ಸಾದಾ ಉಕ್ಕು) ಪೈಪುಗಳು ಹೆಚ್ಚಾಗಿ ಐಎಸ್ 1239 ಅನ್ನುವ ಭಾರತೀಯ ಮಾನದಂಡದ ಪ್ರಕಾರದವು. ಅದರಲ್ಲಿ ಎ, ಬಿ, ಸಿ ಅಂತ ಮೂರು ಕ್ಲಾಸ್. ಎ ಅಂದರೆ ಲೈಟ್, ಹಳದಿ ಪಟ್ಟಿ. ಬಿ ಅಂದರೆ ಮೀಡಿಯಂ, ನೀಲಿ ಪಟ್ಟಿ. ಸಿ ಅಂದರೆ ಹೆವಿ, ಕೆಂಪು ಪಟ್ಟಿ. ಇನ್ನೊಂದು ಕಡೆ ಷೆಡ್ಯೂಲ್ 40, ಷೆಡ್ಯೂಲ್ 80 ಅಂತ ಬರುತ್ತದೆ. ಅದು ಅಮೆರಿಕದ ಪದ್ಧತಿ, ಪ್ರಾಸೆಸ್ ಮತ್ತು ಸ್ಟೀಮ್ ಲೈನುಗಳಲ್ಲಿ ಅದೇ ಜಾಸ್ತಿ.

ಇಲ್ಲಿ ಎಚ್ಚರಿಕೆ: "ಬಿ ಕ್ಲಾಸ್ ಅಂದರೆ ಷೆಡ್ಯೂಲ್ 40 ತಾನೇ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಎರಡು ಇಂಚಿನಲ್ಲಿ ಬಿ ಕ್ಲಾಸ್ ಗೋಡೆ ಸುಮಾರು 3.6 ಮಿ.ಮೀ., ಷೆಡ್ಯೂಲ್ 40 ಗೋಡೆ 3.91. ವ್ಯತ್ಯಾಸ ಚಿಕ್ಕದು ಅನಿಸಬಹುದು. ಆದರೆ ಗೋಡೆಯ ಜೊತೆ ಉಕ್ಕಿನ ದರ್ಜೆ, ಪರೀಕ್ಷೆ, ಸರ್ಟಿಫಿಕೇಟ್ ಎಲ್ಲವೂ ಬೇರೆ.

3. ಜಾಯಿಂಟ್ ಆರಿಸಿ

ಮುಖ್ಯವಾದ ಹಂತ ಇದೇ, ಸ್ವಲ್ಪ ನಿಧಾನವಾಗಿ ಓದಿ.

ಥ್ರೆಡ್ ಜಾಯಿಂಟ್: ಪೈಪಿನ ತುದಿಗೆ ಮರೆ ಕೊರೆದು ಫಿಟ್ಟಿಂಗ್‌ಗೆ ತಿರುಗಿಸಿ ಕೂಡಿಸುವುದು. ಅಗ್ಗ, ವೆಲ್ಡರ್ ಬೇಡ, ಬೆಂಕಿ ಬೇಡ. ಎರಡು ಇಂಚಿನವರೆಗೆ ನೀರು, ಗಾಳಿಗೆ ಚೆನ್ನಾಗಿ ನಡೆಯುತ್ತದೆ. ಜಿಐ ಪೈಪಿಗೆ ಇದೇ ಸರಿ. ಜಿಐ ಮೇಲಿನ ಸತುವಿನ ಲೇಪನದ ಮೇಲೆ ವೆಲ್ಡಿಂಗ್ ಮಾಡಿದರೆ ಲೇಪನ ಸುಟ್ಟುಹೋಗಿ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ, ಆ ಹೊಗೆ ಕುಡಿದ ವೆಲ್ಡರ್‌ಗೆ ರಾತ್ರಿ ಚಳಿಜ್ವರ ಬರುತ್ತದೆ.

ಥ್ರೆಡ್‌ನ ದೊಡ್ಡ ದೋಷ ಏನೆಂದರೆ ಅದು ಪೈಪಿನ ಗೋಡೆಯನ್ನು ತಿನ್ನುತ್ತದೆ. ಒಂದು ಇಂಚಿನ ಬಿಎಸ್‌ಪಿ ಥ್ರೆಡ್ ಆಳ ಸುಮಾರು 1.48 ಮಿ.ಮೀ. ಬಿ ಕ್ಲಾಸ್ ಪೈಪಿನ ಗೋಡೆ 3.2 ಮಿ.ಮೀ., ಹಾಗಾಗಿ ಥ್ರೆಡ್ ಬುಡದಲ್ಲಿ ಉಳಿಯುವುದು 1.7 ಮಾತ್ರ. ಎ ಕ್ಲಾಸ್ ತಂದಿದ್ದರೆ 1.1ರ ಆಸುಪಾಸು. ತುಕ್ಕು ಹಿಡಿದಾಗ, ಲೈನ್ ಅದುರಿದಾಗ ಮೊದಲು ಮುರಿಯುವುದು ಅಲ್ಲೇ. ಆದ್ದರಿಂದ ಥ್ರೆಡ್ ಹಾಕುವ ಪೈಪಿಗೆ ಎ ಕ್ಲಾಸ್ ಬೇಡವೇ ಬೇಡ. ಕಂಪ್ರೆಸರ್ ಬಾಯಿಯಂತೆ ಅದುರುವ ಕಡೆ, ದಿನಕ್ಕೆರಡು ಸಲ ಕಾದು ಆರುವ ಕಡೆ ಥ್ರೆಡ್ ಜಾಯಿಂಟ್ ತಪ್ಪಿಸಿ.

ಸಾಕೆಟ್ ವೆಲ್ಡ್: ಫಿಟ್ಟಿಂಗ್ ಬಾಯಲ್ಲಿ ಒಂದು ಗುಂಡಿ ಇರುತ್ತದೆ. ಪೈಪನ್ನು ಅದರೊಳಗೆ ಇಳಿಸಿ ಹೊರಗಿನಿಂದ ಸುತ್ತ ವೆಲ್ಡ್ ಮಾಡುತ್ತಾರೆ. ಎರಡು ಇಂಚಿನವರೆಗಿನ ಸ್ಟೀಮ್, ಕಂಡೆನ್ಸೇಟ್ (ಹಬೆ ತಣಿದು ಆದ ನೀರು), ಹೆಚ್ಚು ಪ್ರೆಷರ್ ಲೈನಿಗೆ ನನ್ನ ಮೊದಲ ಆಯ್ಕೆ ಇದು. ಪೈಪಿನ ಗೋಡೆ ಪೂರ್ತಿ ಉಳಿಯುತ್ತದೆ, ಜೋಡಿಸುವುದೂ ಸುಲಭ. ಒಂದೇ ಒಂದು ನಿಯಮ ಮರೆಯಬೇಡಿ: ಪೈಪನ್ನು ಗುಂಡಿಯ ತಳದವರೆಗೆ ಇಳಿಸಿ, ಆಮೇಲೆ ಸುಮಾರು 1.6 ಮಿ.ಮೀ. ಹಿಂದಕ್ಕೆ ಎಳೆದು, ನಂತರ ವೆಲ್ಡ್ ಮಾಡಬೇಕು. ತಳಕ್ಕೆ ಒತ್ತಿ ಹಿಡಿದು ವೆಲ್ಡ್ ಮಾಡಿದರೆ ಬಿಸಿಗೆ ಪೈಪ್ ಹಿಗ್ಗಲು ಜಾಗ ಇರುವುದಿಲ್ಲ, ವೆಲ್ಡ್ ಬಿರುಕು ಬಿಡುತ್ತದೆ. ಪೈಪಿನ ಮೇಲೆ ಮೊದಲೇ ಗೆರೆ ಹಾಕಿಸಿ. ಗೆರೆ ಇಲ್ಲದಿದ್ದರೆ ವೆಲ್ಡ್ ಆದ ಮೇಲೆ ಅಂತರ ಬಿಟ್ಟಿದ್ದಾರೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ.

ಹಾಲು, ಜ್ಯೂಸ್, ಔಷಧಿ ಹರಿಯುವ ಲೈನಿಗೆ ಸಾಕೆಟ್ ವೆಲ್ಡ್ ಬೇಡ. ಒಳಗಿನ ಸಂದಿಯಲ್ಲಿ ಕೊಳೆ ನಿಲ್ಲುತ್ತದೆ. ಅಲ್ಲಿ ಒಳಮೈ ನುಣುಪಾಗಿರುವ ಬಟ್ ವೆಲ್ಡ್, ಬಿಚ್ಚುವ ಕಡೆ ಕೈಯಲ್ಲೇ ತೆಗೆಯಬಹುದಾದ ಟಿಸಿ ಕ್ಲಾಂಪ್.

ಬಟ್ ವೆಲ್ಡ್: ಎರಡು ತುದಿಗಳನ್ನು ಮುಖಾಮುಖಿ ಇಟ್ಟು ಬೆಸೆಯುವುದು. ಎರಡೂವರೆ ಇಂಚಿನಿಂದ ಮೇಲೆ ಹೆಚ್ಚುಕಡಿಮೆ ಎಲ್ಲ ಗಂಭೀರ ಲೈನಿಗೂ ಇದೇ. ಎಲ್ಲ ಜಾಯಿಂಟಿಗಿಂತ ಗಟ್ಟಿ. ಆದರೆ ಕೆಲಸಗಾರರ ಕೈ ಚೆನ್ನಾಗಿರಬೇಕು. ತುದಿಯನ್ನು ಸುಮಾರು 37.5 ಡಿಗ್ರಿ ಓರೆ ಮಾಡಬೇಕು, ಮಧ್ಯೆ ಎರಡು ಮೂರು ಮಿ.ಮೀ. ಅಂತರ ಬಿಡಬೇಕು, ಬುಡದ ಮೊದಲ ವೆಲ್ಡ್ ಒಳಗಿನವರೆಗೂ ಇಳಿಯಬೇಕು. ಓರೆ ಮಾಡದೆ ಚೌಕ ತುದಿಗಳನ್ನೇ ಇಟ್ಟು ಮೇಲೆ ದಪ್ಪಗೆ ವೆಲ್ಡ್ ಬಳಿದರೆ ನೋಡಲು ಚೆನ್ನಾಗಿರುತ್ತದೆ. ಗೋಡೆಯ ಅರ್ಧ ದಪ್ಪ ಮಾತ್ರ ಸೇರಿರುತ್ತದೆ.

ಫ್ಲೇಂಜ್: ಪೈಪ್ ತುದಿಗಳಲ್ಲಿರುವ ತೂತಿನ ತಟ್ಟೆಗಳನ್ನು ಬೋಲ್ಟ್ ಹಾಕಿ ಕೂಡಿಸುವುದು. ಬಿಚ್ಚಬೇಕಾದ ಕಡೆ. ಇದರ ಬಗ್ಗೆ ಕೆಳಗೆ ಬೇರೆಯೇ ಬರೆದಿದ್ದೇನೆ, ಜಾಸ್ತಿ ತೊಂದರೆ ಬರುವುದು ಇಲ್ಲೇ.

ಗ್ರೂವ್ಡ್ ಕಪ್ಲಿಂಗ್: ಪೈಪ್ ತುದಿಯ ಹತ್ತಿರ ಉಂಗುರದ ಹಾಗೆ ಕಾಲುವೆ ಮಾಡಿ, ರಬ್ಬರ್ ರಿಂಗ್ ಹಾಕಿ, ಎರಡು ಹೋಳಿನ ಕ್ಲಾಂಪ್ ಬಿಗಿಯುವುದು. ಫೈರ್ ಲೈನ್, ಕೂಲಿಂಗ್ ವಾಟರ್ ಲೈನಿಗೆ ಬಹಳ ಬೇಗ ಕೆಲಸ ಆಗುತ್ತದೆ. ಎಣ್ಣೆ ಇರುವ ಲೈನಿಗೆ ಇಪಿಡಿಎಂ ರಬ್ಬರ್ ಹಾಕಬೇಡಿ, ಅದು ಎಣ್ಣೆಗೆ ಉಬ್ಬಿ ಹಾಳಾಗುತ್ತದೆ. ನೈಟ್ರೈಲ್ ಕೇಳಿ. ಕಂಪ್ರೆಸರ್ ಗಾಳಿಯಲ್ಲೂ ಎಣ್ಣೆ ಇರುತ್ತದೆ ಅನ್ನೋದು ನೆನಪಿರಲಿ.

ಫೆರೂಲ್ ಫಿಟ್ಟಿಂಗ್: ಗೇಜ್, ಇನ್‌ಸ್ಟ್ರುಮೆಂಟ್‌ಗೆ ಹೋಗುವ ಸಣ್ಣ ಟ್ಯೂಬಿಗೆ. ನಟ್ ಬಿಗಿಯುವಾಗ ಒಳಗಿನ ಸಣ್ಣ ಉಂಗುರ ಟ್ಯೂಬನ್ನು ಕಚ್ಚಿ ಹಿಡಿಯುತ್ತದೆ. ಕಾಲು ಇಂಚು ಮತ್ತು ಮೇಲಿನ ಸೈಜಿಗೆ ಎರಡು ಫೆರೂಲ್ ಇರುವ ಫಿಟ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಕೈಯಿಂದ ಬಿಗಿ ಮಾಡಿದ ಮೇಲೆ ಸ್ಪ್ಯಾನರಿನಲ್ಲಿ ಒಂದೂಕಾಲು ಸುತ್ತು. ಒಂದು ಕಂಪನಿಯ ನಟ್‌ಗೆ ಇನ್ನೊಂದು ಕಂಪನಿಯ ಫೆರೂಲ್ ಹಾಕಬೇಡಿ. ನೋಡಲು ಒಂದೇ ಥರ ಇದ್ದರೂ ಕೋನ ಬೇರೆ ಇರುತ್ತದೆ, ಪ್ರೆಷರ್‌ಗೆ ಟ್ಯೂಬ್ ಹಾರಿ ಬರಬಹುದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಕಂಪ್ರೆಸರ್ ಗಾಳಿಗೆ ಪಿವಿಸಿ ಪೈಪ್ ಹಾಕಬೇಡಿ. ನೀರಿನ ಲೈನ್ ಒಡೆದರೆ ನೀರು ಚಿಮ್ಮುತ್ತದೆ, ಅಷ್ಟೇ. ಗಾಳಿ ತುಂಬಿದ ಪಿವಿಸಿ ಒಡೆದರೆ ಚೂಪಾದ ಚೂರುಗಳು ಹಾರುತ್ತವೆ. ಅಗ್ಗ ಅಂತ ಹಾಕಿದವರು ಬಹಳ ಇದ್ದಾರೆ. ನಿಮ್ಮಲ್ಲಿ ಇದ್ದರೆ ದಯವಿಟ್ಟು ತೆಗೆಸಿ.

4. ಥ್ರೆಡ್ ಆದರೆ: ಬಿಎಸ್‌ಪಿಯಾ, ಎನ್‌ಪಿಟಿಯಾ?

ನನಗೆ ಬರುವ ಲೀಕ್ ದೂರುಗಳಲ್ಲಿ ಬಹಳಷ್ಟು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ.

ನಮ್ಮ ಜಿಐ ಪೈಪು, ಅದರ ಫಿಟ್ಟಿಂಗ್, ಸಾಮಾನ್ಯ ವಾಲ್ವ್ ಎಲ್ಲ ಬಿಎಸ್‌ಪಿ. ಇದು ಬ್ರಿಟಿಷ್ ಪದ್ಧತಿ, ನಮ್ಮ ಐಎಸ್ 554 ಕೂಡ ಇದನ್ನೇ ಹಿಡಿದಿದೆ. ಹೊರಗಿನಿಂದ ಬಂದ ಮಷೀನು, ಇನ್‌ಸ್ಟ್ರುಮೆಂಟ್, ಫೋರ್ಜ್ಡ್ ಫಿಟ್ಟಿಂಗ್‌ಗಳಲ್ಲಿ ಎನ್‌ಪಿಟಿ ಸಾಮಾನ್ಯ, ಅದು ಅಮೆರಿಕದ್ದು. ಬಿಎಸ್‌ಪಿ ಥ್ರೆಡ್‌ನ ಕೋನ 55 ಡಿಗ್ರಿ, ಎನ್‌ಪಿಟಿಯದು 60.

ತೊಂದರೆ ಎಲ್ಲಿ ಅಂದರೆ, ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್. ಹಾಗಾಗಿ ಒಂದಕ್ಕೊಂದು ತಿರುಗುತ್ತವೆ, ಬಿಗಿಯಾಗುತ್ತವೆ ಕೂಡ. ಫಿಟ್ಟರ್ ಸರಿಯಾಯ್ತು ಅಂದುಕೊಳ್ಳುತ್ತಾರೆ. ಕೋನ ಬೇರೆ ಇರುವುದರಿಂದ ಥ್ರೆಡ್ ತುದಿಯಲ್ಲಿ ಸುರುಳಿಯಂಥ ಸಂದಿ ಉಳಿಯುತ್ತದೆ, ಎಷ್ಟು ಟೇಪ್ ಸುತ್ತಿದರೂ ಇವತ್ತಲ್ಲ ನಾಳೆ ಸೋರುತ್ತದೆ. ಒಂದು ಇಂಚಿನಲ್ಲಿ ಬಿಎಸ್‌ಪಿ 11, ಎನ್‌ಪಿಟಿ 11.5. ಎರಡು ಮೂರು ಸುತ್ತು ಹೋಗಿ ನಿಂತುಬಿಡುತ್ತದೆ, ಅಲ್ಲಾದರೂ ಗೊತ್ತಾಗುತ್ತದೆ. ಕೆಲವು ನೂರು ರೂಪಾಯಿಗೆ ಥ್ರೆಡ್ ಗೇಜ್ ಸಿಗುತ್ತದೆ, ಗರಗಸದ ಹಲ್ಲಿನಂಥ ಎಲೆಗಳ ಕಟ್ಟು. 55ರದ್ದೂ 60ರದ್ದೂ ಒಂದೊಂದು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ.

ಎರಡನ್ನೂ ಕೂಡಿಸಲೇಬೇಕಾದರೆ ಒಂದು ಬದಿ ಬಿಎಸ್‌ಪಿ, ಇನ್ನೊಂದು ಬದಿ ಎನ್‌ಪಿಟಿ ಇರುವ ಅಡಾಪ್ಟರ್ ಸಿಗುತ್ತದೆ. ಅದನ್ನೇ ತನ್ನಿ.

ಟೆಫ್ಲಾನ್ ಟೇಪ್ ಸುತ್ತುವುದು ಹೀಗೆ: ಥ್ರೆಡ್ ತುದಿ ನಿಮ್ಮ ಮುಖದ ಕಡೆ ಇರಲಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಮೂರು ನಾಲ್ಕು ಸುತ್ತು. ಮೊದಲ ಒಂದು ಥ್ರೆಡ್ ಬರಿದಾಗಿ ಬಿಡಿ. ತುದಿಯವರೆಗೂ ಸುತ್ತಿದರೆ ಟೇಪ್ ಚೂರು ಒಳಗೆ ಹೋಗಿ ಸೊಲೆನಾಯ್ಡ್ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಹೈಡ್ರಾಲಿಕ್ ಲೈನಿಗೆ ಟೇಪ್ ಬೇಡವೇ ಬೇಡ, ಅಲ್ಲಿ ಓ-ರಿಂಗ್ ಇರುವ ಫಿಟ್ಟಿಂಗ್ ಅಥವಾ ಕೋನ್ ಸೀಟ್ ಫಿಟ್ಟಿಂಗ್ ಹಾಕಿ. ಸ್ಟೇನ್‌ಲೆಸ್ ಥ್ರೆಡ್ ಒಂದಕ್ಕೊಂದು ಅಂಟಿ ಹಿಡಿದುಬಿಡುತ್ತವೆ, ಆಮೇಲೆ ಕತ್ತರಿಸದೆ ಬರುವುದಿಲ್ಲ. ಅವಕ್ಕೆ ಆಂಟಿ ಸೀಜ್ ಪೇಸ್ಟ್ ಹಚ್ಚಿ, ನಿಧಾನವಾಗಿ ಕೈಯಲ್ಲಿ ತಿರುಗಿಸಿ.

ಸೋರುವ ಥ್ರೆಡ್ ಮೇಲೆ ವೆಲ್ಡಿಂಗ್ ಹೊಡೆಯುವ ಅಭ್ಯಾಸ ಇದೆ. ಒಳಗೆ ಟೇಪ್ ಇದ್ದರೆ ಅದು ಸುಟ್ಟು ವಿಷದ ಹೊಗೆ ಬರುತ್ತದೆ, ವೆಲ್ಡ್‌ನಲ್ಲೂ ತೂತು ಉಳಿಯುತ್ತದೆ. ಬಿಚ್ಚಿ ಹೊಸದಾಗಿ ಮಾಡಿ.

5. ಫಿಟ್ಟಿಂಗ್‌ನ ಕ್ಲಾಸ್ ಪೈಪಿಗೆ ಹೊಂದಬೇಕು

ಫೋರ್ಜ್ಡ್ ಫಿಟ್ಟಿಂಗ್ ಅಂದರೆ ಉಕ್ಕನ್ನು ಬಡಿದು ಮಾಡಿದ, ದಪ್ಪ ಗೋಡೆಯ ಫಿಟ್ಟಿಂಗ್. ಅದರ ಮೇಲೆ 2000, 3000, 6000 ಅಂತ ಮುದ್ರೆ ಇರುತ್ತದೆ. ಸಾಕೆಟ್ ವೆಲ್ಡ್ 3000 ಷೆಡ್ಯೂಲ್ 80 ಪೈಪಿಗೆ, 6000 ಷೆಡ್ಯೂಲ್ 160ಕ್ಕೆ. ಥ್ರೆಡ್ ಇರುವುದಾದರೆ ಲೆಕ್ಕ ಬದಲಾಗುತ್ತದೆ: 2000 ಷೆಡ್ಯೂಲ್ 80ಕ್ಕೆ, 3000 ಷೆಡ್ಯೂಲ್ 160ಕ್ಕೆ. ಆ ಅಂಕಿಯನ್ನೇ ಪ್ರೆಷರ್ ಅಂದುಕೊಳ್ಳಬೇಡಿ. ಫಿಟ್ಟಿಂಗ್ ತಡೆಯುವುದು ಅದಕ್ಕೆ ಹೊಂದುವ ಪೈಪ್ ಎಷ್ಟು ತಡೆಯುತ್ತದೋ ಅಷ್ಟು.

ಜಿಐ ಎಲ್ಬೋ, ಟೀ ಸಾಮಾನ್ಯವಾಗಿ ಮ್ಯಾಲಿಯಬಲ್ ಐರನ್, ಅಂದರೆ ಎರಕ ಹೊಯ್ದು ಆಮೇಲೆ ಕಾಯಿಸಿ ಸ್ವಲ್ಪ ಬಾಗುವ ಗುಣ ತಂದ ಕಬ್ಬಿಣ. ನೀರು, ಗಾಳಿಗೆ ಸರಿ. ಸ್ಟೀಮಿಗೆ ಬೇಡ.

ಬಟ್ ವೆಲ್ಡ್ ಎಲ್ಬೋ ತರುವಾಗ ಪೈಪಿನ ಷೆಡ್ಯೂಲನ್ನೇ ಹೇಳಿ ತನ್ನಿ. ಸುಮ್ನೆ "ನಾಲ್ಕು ಇಂಚು ಎಲ್ಬೋ" ಅಂದರೆ ತೆಳು ಗೋಡೆಯದು ಕೊಟ್ಟು ಕಳಿಸಬಹುದು. ಲಾಂಗ್ ರೇಡಿಯಸ್ ಅಂದರೆ ಬಾಗು ಪೈಪ್ ಸೈಜಿನ ಒಂದೂವರೆ ಪಟ್ಟು, ಶಾರ್ಟ್ ಅಂದರೆ ಒಂದು ಪಟ್ಟು. ನಾಲ್ಕು ಇಂಚಿನಲ್ಲಿ ಮಧ್ಯದಿಂದ ತುದಿಗೆ 152 ಮತ್ತು 102 ಮಿ.ಮೀ. ಜಾಗ ಇದ್ದರೆ ಯಾವಾಗಲೂ ಲಾಂಗ್.

6. ಫ್ಲೇಂಜ್: ತೂತು ಎಣಿಸಿದರೆ ಸಾಲದು

ನಮ್ಮ ಕಾರ್ಖಾನೆಗಳಲ್ಲಿ ಮೂರು ಜಾತಿಯ ಫ್ಲೇಂಜ್ ಒಟ್ಟಿಗೇ ಓಡಾಡುತ್ತಿವೆ. ಅಮೆರಿಕದ ಕ್ಲಾಸ್ 150, 300. ಯುರೋಪಿನ ಪಿಎನ್ 10, ಪಿಎನ್ 16. ಹಳೆ ಬ್ರಿಟಿಷ್ ಟೇಬಲ್ ಡಿ, ಇ, ಎಫ್. ಎರಡು ಇಂಚಿನಲ್ಲಿ ಕ್ಲಾಸ್ 150, ಪಿಎನ್ 16, ಟೇಬಲ್ ಇ ಮೂರಕ್ಕೂ ನಾಲ್ಕೇ ತೂತು. ಆದರೆ ಬೋಲ್ಟ್ ತೂತುಗಳ ಮಧ್ಯದಲ್ಲಿ ಹಾದುಹೋಗುವ ವೃತ್ತದ ಅಳತೆ, ಪಿಸಿಡಿ ಅನ್ನುತ್ತಾರಲ್ಲ ಅದು, ಕ್ಲಾಸ್ 150ಕ್ಕೆ 120.7 ಮಿ.ಮೀ., ಪಿಎನ್ 16ಕ್ಕೆ 125, ಟೇಬಲ್ ಇಗೆ 114. ನಾಲ್ಕು ತೂತು ಇದೆ ಅಂತ ತಂದರೆ ಕೂರುವುದಿಲ್ಲ. ಆಗ ಗ್ಯಾಸ್ ಕಟ್ಟರಿನಲ್ಲಿ ತೂತು ಅಗಲ ಮಾಡುತ್ತಾರೆ. ಹಾಗೆ ಮಾಡಬೇಡಿ, ಬೋಲ್ಟ್ ಓರೆಯಾಗಿ ಕೂರುತ್ತದೆ, ಗ್ಯಾಸ್ಕೆಟ್, ಅಂದರೆ ಸೋರದಂತೆ ಎರಡು ಫ್ಲೇಂಜ್ ಮಧ್ಯೆ ಹಾಕುವ ಪದರ, ಒಂದು ಕಡೆ ಮಾತ್ರ ಒತ್ತುತ್ತದೆ. ಮೂರು ಇಂಚಿಗೆ ಬಂದರೆ ಕ್ಲಾಸ್ 150ಕ್ಕೆ ನಾಲ್ಕು ತೂತು, ಪಿಎನ್ 16ಕ್ಕೆ ಎಂಟು.

ಮೊದಲು ವಾಲ್ವ್, ಪಂಪ್ ಯಾವ ಡ್ರಿಲ್ಲಿಂಗ್, ಅಂದರೆ ತೂತು ಯಾವ ಅಳತೆಯದು ಅಂತ ನೋಡಿ, ಆಮೇಲೆ ಅದಕ್ಕೆ ಜೋಡಿ ಫ್ಲೇಂಜ್ ಆರ್ಡರ್ ಮಾಡಿ.

ಕ್ಲಾಸ್ 150 ಅಂದರೆ 150 ಪಿಎಸ್‌ಐ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಎ105 ಕಾರ್ಬನ್ ಸ್ಟೀಲ್‌ನ ಕ್ಲಾಸ್ 150 ಫ್ಲೇಂಜ್ ತಣ್ಣಗಿದ್ದಾಗ 19.6 ಬಾರ್ ತಡೆಯುತ್ತದೆ, 200 ಡಿಗ್ರಿಯಲ್ಲಿ 13.8, 300 ಡಿಗ್ರಿಯಲ್ಲಿ 10.2. ಬಿಸಿ ಏರಿದಂತೆ ಶಕ್ತಿ ಇಳಿಯುತ್ತದೆ. ಒಂದನೇ ಹಂತದಲ್ಲಿ ಬಿಸಿ ಬರೆದುಕೊಳ್ಳಿ ಅಂದದ್ದು ಇದಕ್ಕೇ.

ಇನ್ನೊಂದು ದುಬಾರಿ ತಪ್ಪು. ಉಕ್ಕಿನ ಫ್ಲೇಂಜ್ ಮುಖದ ಮಧ್ಯೆ ಸ್ವಲ್ಪ ಎತ್ತರ ಇರುತ್ತದೆ, ಅದು ರೈಸ್ಡ್ ಫೇಸ್. ಬೀಡು ಕಬ್ಬಿಣದ ಪಂಪಿನ ಫ್ಲೇಂಜ್ ಮಟ್ಟಸವಾಗಿದ್ದರೆ, ಅಂದರೆ ಫ್ಲಾಟ್ ಫೇಸ್ ಆಗಿದ್ದರೆ, ಎರಡನ್ನೂ ಸೇರಿಸಿ ಬೋಲ್ಟ್ ಬಿಗಿದಾಗ ಅಂಚಿನಲ್ಲಿ ಆಸರೆ ಇಲ್ಲದೆ ಬೀಡು ಫ್ಲೇಂಜ್ ಟಪ್ ಅಂತ ಬಿರಿಯುತ್ತದೆ. ಪಂಪಿನ ದೇಹವೇ ಹೋದ ಹಾಗೆ. ನಾನೇ ಒಂದು ಸಲ ಹೊಸ ಪಂಪಿನಲ್ಲಿ ಇದನ್ನು ನೋಡಿದ್ದೇನೆ, ಆವತ್ತು ಕೂಲಿಂಗ್ ಟವರ್ ನಿಂತು ಇಡೀ ಶಿಫ್ಟ್ ಸುಮ್ಮನೆ ಕೂರಬೇಕಾಯಿತು. ಬೀಡಿಗೆ ಫ್ಲಾಟ್ ಫೇಸ್ ಫ್ಲೇಂಜ್, ಬೋಲ್ಟ್ ತೂತುಗಳನ್ನೂ ದಾಟಿ ಫ್ಲೇಂಜಿನ ಅಂಚಿನವರೆಗೂ ಬರುವ ಫುಲ್ ಫೇಸ್ ಗ್ಯಾಸ್ಕೆಟ್.

ಗ್ಯಾಸ್ಕೆಟ್: ತಣ್ಣೀರಿಗೆ ರಬ್ಬರ್ ಸಾಕು. ಕಡಿಮೆ ಪ್ರೆಷರ್ ಸ್ಟೀಮಿಗೆ ಆಸ್‌ಬೆಸ್ಟಾಸ್ ಇಲ್ಲದ ಫೈಬರ್ ಶೀಟ್, ಅದರಲ್ಲೂ ಸ್ಟೀಮಿಗೆ ಅಂತ ಬರೆದಿರುವ ದರ್ಜೆ. ಅದಕ್ಕಿಂತ ಮೇಲೆ ಸ್ಪೈರಲ್ ವೂಂಡ್, ಅಂದರೆ ಸ್ಟೇನ್‌ಲೆಸ್ ಪಟ್ಟಿ ಮತ್ತು ಗ್ರಾಫೈಟ್ ಸುರುಳಿ ಸುತ್ತಿದ್ದು. ತೆಗೆದ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ, ಹೊಸ ಗ್ಯಾಸ್ಕೆಟ್ ಬೆಲೆ ಎಷ್ಟು ಅಂತ ಒಮ್ಮೆ ಯೋಚಿಸಿ.

ಬೋಲ್ಟನ್ನು ವರಸೆಯಾಗಿ ಸುತ್ತ ಬಿಗಿಯಬೇಡಿ, ಎದುರುಬದುರು ಬಿಗಿಯಿರಿ. ಎಂಟು ಬೋಲ್ಟ್ ಇದ್ದರೆ 1, 5, 3, 7, 2, 6, 4, 8. ಮೊದಲ ಸುತ್ತಿಗೆ ಮೂರನೇ ಒಂದು ಭಾಗ ಬಿಗಿ, ಎರಡನೇ ಸುತ್ತಿಗೆ ಮೂರನೇ ಎರಡು ಭಾಗ, ಮೂರನೇ ಸುತ್ತಿಗೆ ಪೂರ್ತಿ. ಕೊನೆಗೊಮ್ಮೆ ಸುತ್ತ ನೋಡಿಕೊಂಡು ಬನ್ನಿ. ಪೈಪ್ ಓರೆ ಬಂದಿದ್ದರೆ ಬೋಲ್ಟ್‌ನಿಂದ ಎಳೆದು ಕೂರಿಸಬೇಡಿ. ಆ ಎಳೆತ ಪಂಪಿನ ಬೇರಿಂಗ್‌ಗೆ ಹೋಗುತ್ತದೆ. ಪೈಪನ್ನೇ ಸರಿಮಾಡಿ.

7. ಆಕಾರವೂ ಲೆಕ್ಕಕ್ಕೆ ಬರುತ್ತದೆ

ರೆಡ್ಯೂಸರ್ ಎರಡು ಥರ. ಎರಡೂ ತುದಿಯ ಮಧ್ಯ ಒಂದೇ ಸಾಲಿನಲ್ಲಿದ್ದರೆ ಕಾನ್ಸೆಂಟ್ರಿಕ್, ಒಂದು ಬದಿ ಮಟ್ಟವಾಗಿದ್ದರೆ ಎಕ್ಸೆಂಟ್ರಿಕ್. ಪಂಪಿನ ಸಕ್ಷನ್, ಅಂದರೆ ನೀರು ಎಳೆಯುವ ಬದಿಯ, ಅಡ್ಡ ಲೈನಿನಲ್ಲಿ ಎಕ್ಸೆಂಟ್ರಿಕ್ ಹಾಕಿ, ಮಟ್ಟ ಬದಿ ಮೇಲೆ ಇರಲಿ. ಇಲ್ಲದಿದ್ದರೆ ಮೇಲ್ಗಡೆ ಗಾಳಿ ಸಿಕ್ಕಿಕೊಂಡು ಪಂಪ್ ನೀರು ಎತ್ತುವುದಿಲ್ಲ. ಸ್ಟೀಮ್ ಲೈನಿನಲ್ಲಿ ಅದೇ ರೆಡ್ಯೂಸರ್ ಉಲ್ಟಾ: ಮಟ್ಟ ಬದಿ ಕೆಳಗೆ, ಕಂಡೆನ್ಸೇಟ್ ನೀರು ನಿಲ್ಲದೆ ಹರಿದುಹೋಗಲಿ ಅಂತ.

ಗಾಳಿ ಮತ್ತು ಸ್ಟೀಮ್ ಎರಡಕ್ಕೂ, ಮುಖ್ಯ ಲೈನಿನಿಂದ ಕವಲು ತೆಗೆಯುವಾಗ ಟೀ ಬಾಯಿ ಮೇಲಕ್ಕಿರಲಿ. ಕೆಳಗಿನಿಂದ ತೆಗೆದರೆ ಲೈನಿನ ನೀರೆಲ್ಲ ಮಷೀನಿಗೆ ಬರುತ್ತದೆ. ಮುಖ್ಯ ಲೈನ್ ಹರಿವಿನ ದಿಕ್ಕಿಗೆ ನೂರಕ್ಕೆ ಒಂದರಷ್ಟು ಇಳಿಜಾರು ಇರಲಿ, ತಗ್ಗಿನಲ್ಲಿ ಡ್ರೈನ್.

ಥ್ರೆಡ್ ಲೈನಿನಲ್ಲಿ ಪ್ರತಿ ವಾಲ್ವ್ ಪಕ್ಕ ಒಂದು ಯೂನಿಯನ್, ಅಂದರೆ ಪೈಪ್ ತಿರುಗಿಸದೆ ಮಧ್ಯದ ನಟ್ ಮಾತ್ರ ಬಿಚ್ಚಿ ಬೇರ್ಪಡಿಸುವ ಫಿಟ್ಟಿಂಗ್, ಹಾಕಿ. ಯೂನಿಯನ್ ಇಲ್ಲದಿದ್ದರೆ ಒಂದು ವಾಲ್ವ್ ಬದಲಿಸಲು ತುದಿಯಿಂದ ಎಲ್ಲವನ್ನೂ ಬಿಚ್ಚುತ್ತಾ ಬರಬೇಕು. ಹಾಗಂತ ಎಲ್ಲೆಂದರಲ್ಲಿ ಹಾಕಬೇಡಿ, ಪ್ರತಿ ಜಾಯಿಂಟೂ ಸೋರಬಹುದಾದ ಒಂದು ಜಾಗ. ಗಾಳಿ ಲೈನಿನಲ್ಲಿ 7 ಬಾರ್‌ಗೆ 3 ಮಿ.ಮೀ. ತೂತಿನಷ್ಟು ಸೋರಿದರೆ ಸೆಕೆಂಡಿಗೆ ಸುಮಾರು 10 ಲೀಟರ್ ಗಾಳಿ ಹೋಗುತ್ತದೆ, ಅದನ್ನು ತುಂಬಲು ಕಂಪ್ರೆಸರ್ 3 ಕಿಲೋವ್ಯಾಟ್‌ಗೂ ಜಾಸ್ತಿ ಕರೆಂಟ್ ಹಗಲು ರಾತ್ರಿ ಎಳೆಯುತ್ತಿರುತ್ತದೆ.

8. ಯಾವ ಲೋಹದ ಜೊತೆ ಯಾವುದು

ಜಿಐ ಪೈಪಿಗೆ ನೇರವಾಗಿ ತಾಮ್ರ ಕೂಡಿಸಿದರೆ ನೀರು ಸೇರಿದಾಗ ಜಿಐ ಬೇಗ ಸವೆಯುತ್ತದೆ. ಮಧ್ಯೆ ಇನ್ಸುಲೇಟಿಂಗ್ ಯೂನಿಯನ್ ಅಥವಾ ಫ್ಲೇಂಜ್ ಬೇಕು. ಬ್ಯಾಡಗಿ ಕಡೆ ಮೆಣಸಿನಕಾಯಿಗೆ ಕೋಲ್ಡ್ ಸ್ಟೋರೇಜ್ ನಡೆಸುವವರಿಗೆ ಒಂದು ಮಾತು: ಅಮೋನಿಯಾ ಇರುವ ಕಡೆ ತಾಮ್ರ, ಹಿತ್ತಾಳೆ ಫಿಟ್ಟಿಂಗ್ ಗೇಜಿನ ಹತ್ತಿರ ಕೂಡ ಬೇಡ, ಹಿತ್ತಾಳೆ ಬಿರುಕು ಬಿಡುತ್ತದೆ.

9. ಒಂದು ಲೈನ್ ಪೂರ್ತಿ ನೋಡೋಣ

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿ ಅಂದುಕೊಳ್ಳಿ. ಭತ್ತ ಕುದಿಸಲು ಬಾಯ್ಲರಿನಿಂದ 30 ಮೀಟರ್ ದೂರಕ್ಕೆ ಸ್ಟೀಮ್ ಹೋಗಬೇಕು. 7 ಬಾರ್, 170 ಡಿಗ್ರಿ, ಮುಖ್ಯ ಲೈನ್ ಮೂರು ಇಂಚು.

ಮುಖ್ಯ ಲೈನ್ ಬಟ್ ವೆಲ್ಡ್, ಲಾಂಗ್ ರೇಡಿಯಸ್ ಎಲ್ಬೋ. ವಾಲ್ವ್ ಇರುವ ಕಡೆ ಮಾತ್ರ ಕ್ಲಾಸ್ 150 ಫ್ಲೇಂಜ್. 200 ಡಿಗ್ರಿಗೇ 13.8 ಬಾರ್ ತಡೆಯುತ್ತದೆ ಅಂತ ಮೇಲೆ ನೋಡಿದೆವಲ್ಲ, ಸಾಕು. ಕಂಡೆನ್ಸೇಟ್ ಹೊರಬಿಡುವ ಟ್ರ್ಯಾಪ್ ಲೈನ್ ಅರ್ಧ, ಮುಕ್ಕಾಲು ಇಂಚು, ಅದು ಸಾಕೆಟ್ ವೆಲ್ಡ್ 3000, ಪೈಪ್ ಷೆಡ್ಯೂಲ್ 80.

ಇನ್ನು ಹಿಗ್ಗುವಿಕೆ. ಕಾರ್ಬನ್ ಸ್ಟೀಲ್ ಪ್ರತಿ 100 ಡಿಗ್ರಿಗೆ ಮೀಟರಿಗೆ ಸುಮಾರು 1.2 ಮಿ.ಮೀ. ಉದ್ದವಾಗುತ್ತದೆ. 30 ಡಿಗ್ರಿಯಿಂದ 170ಕ್ಕೆ ಏರಿದರೆ 30 ಮೀಟರ್ ಲೈನ್ ಹತ್ತಿರ ಹತ್ತಿರ 50 ಮಿ.ಮೀ. ಬೆಳೆಯುತ್ತದೆ. ಎರಡೂ ತುದಿ ಗಟ್ಟಿ ಹಿಡಿದಿದ್ದರೆ ಆ ಒತ್ತಡ ಫ್ಲೇಂಜಿಗೂ ವಾಲ್ವಿಗೂ ಹೋಗುತ್ತದೆ. ಮಧ್ಯೆ ಒಂದು ಯು ಆಕಾರದ ಲೂಪ್ ಕೊಡಿ. ಒಂದು ಕಡೆ ಗಟ್ಟಿ ಹಿಡಿದು, ಉಳಿದ ಸಪೋರ್ಟುಗಳ ಮೇಲೆ ಪೈಪ್ ಜಾರುವಂತೆ ಬಿಡಿ. "ಗ್ಯಾಸ್ಕೆಟ್ ಪದೇ ಪದೇ ಹೋಗ್ತಿದೆ" ಅನ್ನುವವರು ಗ್ಯಾಸ್ಕೆಟ್ ಬದಲಿಸುವ ಮುಂಚೆ ಇದನ್ನು ನೋಡಿ.

ಕಾನೂನಿನ ವಿಷಯವನ್ನೂ ಮರೆಯುವ ಹಾಗಿಲ್ಲ. ಬಾಯ್ಲರ್ ಸ್ಟೀಮ್ ಪೈಪಿನಲ್ಲಿ ಪ್ರೆಷರ್ 3.5 ಕೆ.ಜಿ./ಚ.ಸೆಂ.ಮೀ. ದಾಟಿದರೆ, ಅಥವಾ ಒಳ ವ್ಯಾಸ 254 ಮಿ.ಮೀ. ದಾಟಿ ಪ್ರೆಷರ್ 1 ಕೆ.ಜಿ./ಚ.ಸೆಂ.ಮೀ.ಗಿಂತ ಜಾಸ್ತಿ ಇದ್ದರೆ, ಅದು ಐಬಿಆರ್, ಅಂದರೆ ಇಂಡಿಯನ್ ಬಾಯ್ಲರ್ ರೆಗ್ಯುಲೇಷನ್ಸ್ ಅಡಿ ಬರುತ್ತದೆ. ನಮ್ಮ ಈ 7 ಬಾರ್ ಲೈನ್ ಖಂಡಿತ ಬರುತ್ತದೆ. ಪೈಪ್, ಫ್ಲೇಂಜ್, ಫಿಟ್ಟಿಂಗ್, ವಾಲ್ವ್ ಎಲ್ಲಕ್ಕೂ ಐಬಿಆರ್ ಸರ್ಟಿಫಿಕೇಟ್ ಬೇಕು. ಫಿಟ್ಟಿಂಗ್‌ಗಳಿಗೆ ಕೊಡುವುದು ಫಾರ್ಮ್ III-ಸಿ. ವೆಲ್ಡರ್ ಕೂಡ ಐಬಿಆರ್ ಪಾಸ್ ಆದವರೇ ಆಗಬೇಕು. ಮಾಲು ತಂದ ಮೇಲೆ ಪೇಪರ್ ಹುಡುಕಿದರೆ ಸಿಗುವುದಿಲ್ಲ, ಬಿಲ್ ಮಾಡಿಸುವಾಗಲೇ ಕೇಳಿ. ಫಿಟ್ಟಿಂಗ್ ಮೇಲಿನ ಹೀಟ್ ನಂಬರ್, ಅಂದರೆ ಯಾವ ಕುಲುಮೆಯ ಯಾವ ಸರದಿಯಲ್ಲಿ ಕರಗಿಸಿದ ಉಕ್ಕು ಅಂತ ಹೇಳುವ ಗುರುತು, ಸರ್ಟಿಫಿಕೇಟಿನ ನಂಬರ್ ಜೊತೆ ತಾಳೆ ನೋಡಿ.

10. ಟೆಸ್ಟ್

ನೀರು ತುಂಬಿ ಟೆಸ್ಟ್ ಮಾಡಿ, ಗಾಳಿಯಿಂದ ಬೇಡ. ಸಾಮಾನ್ಯ ರೂಢಿ ಡಿಸೈನ್ ಪ್ರೆಷರ್‌ನ ಒಂದೂವರೆ ಪಟ್ಟು. ಮೇಲಿನ ತುದಿಯಲ್ಲಿ ಗಾಳಿ ಪೂರ್ತಿ ಬಿಟ್ಟು ನೀರು ಬಂದ ಮೇಲೆ ಮುಚ್ಚಿ. ಗೇಜ್, ಸೇಫ್ಟಿ ವಾಲ್ವ್, ರಬ್ಬರ್ ಬೆಲ್ಲೋಸ್ ಇವನ್ನು ಮೊದಲೇ ಬೇರ್ಪಡಿಸಿ. ಗಾಳಿಯಿಂದ ಟೆಸ್ಟ್ ಮಾಡಿದರೆ ಒಳಗೆ ಸ್ಪ್ರಿಂಗ್‌ನಂತೆ ಶಕ್ತಿ ತುಂಬಿರುತ್ತದೆ, ಒಂದು ಪ್ಲಗ್ ಹಾರಿದರೆ ಗುಂಡಿನ ಹಾಗೆ ಹೋಗುತ್ತದೆ. ನೀರು ಹಾಕಲು ಆಗದ ಸಣ್ಣ ಏರ್ ಲೈನ್ ಆದರೆ ಅರ್ಧ ಬಾರಿನಷ್ಟು ಕಡಿಮೆ ಪ್ರೆಷರ್‌ನಲ್ಲಿ ಸೋಪು ನೀರು ಹಚ್ಚಿ ಗುಳ್ಳೆ ನೋಡಿ. ಸ್ಟೇನ್‌ಲೆಸ್ ಲೈನಿಗೆ ಉಪ್ಪಿನ ಅಂಶ ಜಾಸ್ತಿ ಇರುವ ಬೋರ್ ನೀರು ತುಂಬಿ ಹಾಗೇ ಬಿಡಬೇಡಿ. ಕ್ಲೋರೈಡ್ ಕಡಿಮೆ ಇರುವ ನೀರು ಬಳಸಿ, ಟೆಸ್ಟ್ ಆದ ಕೂಡಲೇ ಖಾಲಿ ಮಾಡಿ ಒಣಗಿಸಿ.

ಲೈನ್ ಚಾಲೂ ಆದ ಮೇಲೆ ಫ್ಲೇಂಜ್ ಸೋರುತ್ತಿದೆ ಅಂತ ಕಂಡರೆ ಪ್ರೆಷರ್ ಇರುವಾಗಲೇ ಸ್ಪ್ಯಾನರ್ ಹಾಕಬೇಡಿ. ಫೈಬರ್ ಗ್ಯಾಸ್ಕೆಟ್ ಒಮ್ಮೆ ಕಾದು ಗಟ್ಟಿಯಾಗಿದ್ದರೆ ಮತ್ತೆ ಬಿಗಿದಾಗ ಒಡೆದು ಬಿಸಿ ಹಬೆ ನೇರ ಮುಖಕ್ಕೆ ಬರುತ್ತದೆ. ವಾಲ್ವ್ ಮುಚ್ಚಿ, ಪ್ರೆಷರ್ ಇಳಿಸಿ, ಆರಲು ಬಿಡಿ, ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕಿ. ಪ್ರೊಡಕ್ಷನ್‌ನವರು ಅರ್ಜೆಂಟ್ ಮಾಡುತ್ತಾರೆ, ಮಾಡಲಿ. ಆ ಒಂದು ಗಂಟೆ ನಿಲ್ಲಿಸಿಯೇ ಕೆಲಸ ಮಾಡಿ.